ಮನೆ ಬಿಡಿಸುವ ಉಸ್ತಾಜ್

ಬಹ್ಗತ್ ಶಲಬಿ ವಕೀಲನಾಗಿರಲಿಲ್ಲ. ಇದನ್ನು ನಾನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಬದುಕಿದ್ದಷ್ಟು ದಿನ ಅವನು ಈ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಎಲ್ಲರೂ ಅವನನ್ನು ‘ಉಸ್ತಾಜ್’ ಎನ್ನುತ್ತಿದ್ದರು. ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಮೇಷ್ಟರಿಗೂ ವಕೀಲರಿಗೂ, ಕೋಟು ತೊಟ್ಟ ಯಾರಿಗೇ ಆದರೂ ಆ ಮರ್ಯಾದೆ ಪುಕ್ಕಟೆ ಸಿಗುತ್ತದೆ. ಬಹ್ಗತ್‌ಗೆ ಕೋಟಿತ್ತು. ಮೊಣಕೈ ಹೊಳೆಯುವಷ್ಟು ಸವೆದ ಕಂದು ಕೋಟು. ಜೇಬಿನಲ್ಲಿ ಮೂರು ಪೆನ್ನು. ಮೂರರಲ್ಲಿ ಎರಡು ಬರೆಯುತ್ತಿರಲಿಲ್ಲ.

ಅವನು ಕೋರ್ಟಿನಲ್ಲಿ ಅಮೀನನಾಗಿದ್ದವನು. ಇಪ್ಪತ್ತೆರಡು ವರ್ಷ ನೋಟೀಸು ಹಂಚಿದ. ಹಂಚಿದ ಎನ್ನುವುದಕ್ಕಿಂತ ಹಂಚದೆ ಉಳಿಸಿದ ಎಂದರೆ ಸರಿ. ಯಾರಿಗೆ ನೋಟೀಸು ಸಿಗಬಾರದೋ ಅವರಿಗೆ ಸಿಗದಂತೆ ನೋಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಮೆಟ್ಟಿಲು ಹತ್ತುವ ಗೋಜಿಗೇ ಹೋಗದೆ, ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಕಾಗದದ ಬೆನ್ನಿಗೆ ‘ಬಾಗಿಲು ಮುಚ್ಚಿತ್ತು’ ಎಂದು ಬರೆದು ಬರುತ್ತಿದ್ದ. ಒಮ್ಮೆ ಹೀಗೇ ಬರೆದ ಮನೆಯ ಮುಂಗೋಡೆ ಹಿಂದಿನ ತಿಂಗಳಷ್ಟೇ ಕುಸಿದು ಬಿದ್ದಿತ್ತು. ಬಾಗಿಲೇ ಇಲ್ಲದ ಮನೆಯ ಬಾಗಿಲು ಹೇಗೆ ಮುಚ್ಚಿತ್ತು ಎಂದು ನ್ಯಾಯಾಧೀಶರು ಕೇಳಿದರು. ಬಹ್ಗತ್ ಆರೋಗ್ಯದ ಕಾರಣ ಕೊಟ್ಟು ಬೇಗ ನಿವೃತ್ತನಾದ.

ನಿವೃತ್ತನಾದ ಮರುವಾರವೇ ಕೋರ್ಟಿನ ಎದುರಿನ ಕಾಫಿ ಅಂಗಡಿಯಲ್ಲಿ, ಬಾಗಿಲ ಬಳಿಯ ಮೇಜಿನಲ್ಲಿ ಶೀಶಾ ಹುಕ್ಕಾ ಎಳೆಯುತ್ತ ಕುಳಿತ. ಸಣ್ಣ ಮನೆಮಾಲೀಕರಿಗೆ ಸಲಹೆ ಕೊಡುವುದೇ ಅವನ ಕಸುಬಾಯಿತು. ನಾನು ರಸ್ತೆಯ ಈಚೆ, ಕೋರ್ಟಿನ ಗೋಡೆಗೆ ಬೆನ್ನು ಕೊಟ್ಟು ಕೂರುವ ಅರ್ಜಿ ಬರೆಯುವವ. ಒಂದು ಮೇಜು, ಒಂದು ಕೊಡೆ, ಒಂದು ಟೈಪ್‌ರೈಟರ್. ನನ್ನ ಹೆಸರು ಶಹಾತಾ. ಅವನು ಬಾಯಿಂದ ಉದುರಿಸಿದ್ದನ್ನು ಇಪ್ಪತ್ತು ವರ್ಷ ಕಾಗದಕ್ಕೆ ಇಳಿಸಿದವನು ನಾನೇ. ಆದ್ದರಿಂದ ಅವನನ್ನು ಬಯ್ಯುವಾಗ ಒಂದು ಪಾಲು ನನಗೂ ಬರುತ್ತದೆ; ಬರಲಿ.

ಅವನ ಹತ್ತಿರ ಬರುತ್ತಿದ್ದ ಮಾಲೀಕರನ್ನು ನೋಡಬೇಕಿತ್ತು. ದೊಡ್ಡ ಕುಳಗಳಲ್ಲ ಅವರು. ಅಜ್ಜ ಕಟ್ಟಿಸಿದ ಮನೆಯಲ್ಲಿ ಮೂವತ್ತೆರಡನೇ ಒಂದು ಪಾಲಿಟ್ಟುಕೊಂಡು ಅರಸರಂತೆ ಮೀಸೆ ತಿರುವುವವರು. ಅವರ ಮನೆಗಳಲ್ಲಿ ಹಳೆಯ ಕಾಯ್ದೆಯ ಬಾಡಿಗೆದಾರರು. ಅಪ್ಪನ ಕಾಲದ ಬಾಡಿಗೆ ಮಗನಿಗೂ ಮುಂದುವರಿಯುತ್ತದೆ, ಒಂದು ಕಾಸು ಏರುವುದಿಲ್ಲ. ಆ ಬಾಡಿಗೆಗೆ ಒಂದು ಕಿಲೋ ಈರುಳ್ಳಿ ಬಂದರೆ ಹೆಚ್ಚು. ಅನ್ಯಾಯ ಇರಲಿಲ್ಲ ಎನ್ನುವುದಿಲ್ಲ. ಆದರೆ ಆ ಕಾಯ್ದೆ ಮಾಡಿದವರ ಮುಂದೆ ಇವರು ಒಂದು ದಿನವಾದರೂ ಬಾಯಿ ತೆರೆಯಲಿಲ್ಲ. ಮೂರನೇ ಮಹಡಿಯ ಮುದುಕನ ಮುಂದೆ ಮಾತ್ರ ಹುಲಿ.

ಕರ್ಮೂಜ್‌ನ ಹಾಜಿ ಬಸ್ಯೂನಿ ಅಂಥವನೊಬ್ಬ. ಹಗ್ಗದ ವ್ಯಾಪಾರಿ. ಅವನ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಫಾನೂಸ್ ಎಂಬ ದರ್ಜಿ ಮೂವತ್ತೊಂದು ವರ್ಷದಿಂದ ಇದ್ದ. ಅವನನ್ನು ಎಬ್ಬಿಸುವುದು ಹೇಗೆಂದು ಹಾಜಿ ಕೇಳಿದಾಗ ನಾನು ಪಕ್ಕದಲ್ಲೇ ಕಾಗದ ಹಿಡಿದು ನಿಂತಿದ್ದೆ.

“ಬಾಡಿಗೆ ಸರಿಯಾಗಿ ಕೊಡ್ತಾನಾ?” ಬಹ್ಗತ್ ಕೇಳಿದ.

“ಒಂದನೇ ತಾರೀಖು ಬೆಳಗ್ಗೆ ಎಂಟಕ್ಕೇ ಬಂದು ನಿಂತಿರ್ತಾನೆ, ಉಸ್ತಾಜ್. ಅದೇ ನೋಡಿ ಗ್ರಹಚಾರ.”

“ತಗೋಬೇಡ.”

“ಆಂ?”

“ಕಿವಿಗೆ ಹಗ್ಗ ತುರುಕ್ಕೊಂಡಿದೀಯಾ? ತಗೋಬೇಡ ಅಂದೆ. ಒಂದನೇ ತಾರೀಖು ನೀನು ಊರಲ್ಲೇ ಇರಬಾರದು. ತಂತಾದಲ್ಲಿ ನಿಮ್ಮತ್ತೆ ಇದಾಳಲ್ಲ, ಹೋಗಿ ಬಾತುಕೋಳಿ ತಿಂದ್ಕೊಂಡು ಬಾ. ಎರಡು ತಿಂಗಳು ಹೀಗೇ ತಪ್ಪಿಸ್ಕೋ. ಆಮೇಲೆ ಬಾಕಿ ಕೊಟ್ಟಿಲ್ಲ ಅಂತ ನೋಟೀಸು. ನೋಟೀಸು ಹೋಗ್ಬೇಕು, ಆದ್ರೆ ತಲುಪಬಾರದು. ಅದನ್ನ ನನಗೆ ಬಿಡು. ಹದಿನೈದು ದಿನ ಕಳೀಲಿ, ಕೇಸು ಹಾಕು.”

“ದೇವರು ಮೆಚ್ಚೋ ಕೆಲ್ಸಾನಾ ಇದು?”

“ದೇವರ ವಿಷ್ಯಕ್ಕೆ ಶೇಖ್ ಹತ್ರ ಹೋಗು. ಅವರು ಫೀಸೂ ತಗೊಳಲ್ಲ. ಮನೆ ಖಾಲಿ ಆಗ್ಬೇಕಾ, ಇಲ್ಲಿ ಕೂತ್ಕೋ.”

ಹಾಜಿ ಕುಳಿತ. ಕುಳಿತೇ ಕುಳಿತ.

ಎರಡನೇ ತಿಂಗಳ ಐದನೇ ತಾರೀಖು ಫಾನೂಸ್ ಒಂದು ಲಕೋಟೆ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತ. ಕುತ್ತಿಗೆಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಅಣ್ಣಾ ಶಹಾತಾ, ಹಾಜಿ ಕೈಗೇ ಸಿಗ್ತಿಲ್ಲ. ಅವರ ಮನೆಯವರು ಬಾಗಿಲು ತೆಗೀತಾರೆ, ದುಡ್ಡು ಮುಟ್ಟಲ್ಲ ಅಂತಾರೆ. ಏನಾದ್ರೂ ಕಾಗದ ಬರೀಬೇಕಾ ನಾನು?”

ಬರೆಯಬೇಕಿತ್ತು. ಮಾಲೀಕ ಬಾಡಿಗೆ ಮುಟ್ಟದಿದ್ದರೆ ಅದನ್ನು ಕೋರ್ಟಿನ ಖಜಾನೆಯಲ್ಲಿ ಅವನ ಹೆಸರಿಗೆ ಕಟ್ಟಿ ರಸೀದಿ ಇಟ್ಟುಕೊಂಡರೆ ಯಾರೂ ಏನೂ ಮಾಡಲಾಗದು. ಒಂದೇ ಪುಟದ ಕೆಲಸ. ಹತ್ತು ನಿಮಿಷ. ಖಜಾನೆಯ ಕಿಟಕಿ ನನ್ನ ಬೆನ್ನ ಹಿಂದೆಯೇ ಇತ್ತು. ಆದರೆ ರಸ್ತೆಯಾಚೆ ಬಹ್ಗತ್ ಶೀಶಾದ ಕೊಳವೆ ಬಾಯಿಂದ ತೆಗೆದು ನನ್ನ ಕಡೆಗೇ ನೋಡುತ್ತಿದ್ದ. ನನ್ನ ದಿನದ ದುಡಿಮೆಯಲ್ಲಿ ಮುಕ್ಕಾಲು ಅವನ ಕಡೆಯಿಂದ ಬರುತ್ತಿತ್ತು.

“ಬರ್ತಾರೆ ಬಿಡಿ. ಊರಿಗೆ ಹೋಗಿರ್ಬೇಕು. ದುಡ್ಡು ಜೋಪಾನ ಇಟ್ಕೊಳಿ,” ಎಂದೆ.

ನನ್ನನ್ನು ನಂಬಿ ಅವನು ಲಕೋಟೆ ಜೇಬಿಗೆ ಹಾಕಿಕೊಂಡು ಹೋದ. ನೋಟೀಸು ‘ಬಾಗಿಲು ಮುಚ್ಚಿತ್ತು’ ಎಂದು ಬಂತು. ತೀರ್ಪಿನ ಪ್ರತಿಯೂ ಹಾಗೇ ಹೋಗಿ ಹಾಗೇ ಬಂತು. ಪೊಲೀಸರು ಬಂದ ದಿನ ಫಾನೂಸ್ ಒಬ್ಬ ಮದುಮಗನ ಕೋಟಿಗೆ ತೋಳು ಹೊಲಿಯುತ್ತಿದ್ದನಂತೆ. ಹೊಲಿಗೆ ಯಂತ್ರವನ್ನು ಬೀದಿಯಲ್ಲಿಟ್ಟರು. ಅವನು ಅಲ್ಲೇ, ಫುಟ್‌ಪಾತಿನ ಮೇಲೆ ಕುಳಿತು, ಆ ಎರಡನೇ ತೋಳನ್ನು ಮುಗಿಸಿ, ಕೋಟನ್ನು ಕೊಡಬೇಕಾದ ಮನೆಗೆ ಕೊಟ್ಟು, ಆಮೇಲೆ ತಂಗಿಯ ಮನೆಗೆ ಹೋದನಂತೆ. ಇದನ್ನು ಹಾಜಿ ಬಸ್ಯೂನಿಯೇ ಕಾಫಿ ಅಂಗಡಿಯಲ್ಲಿ ನಗುತ್ತ ಹೇಳಿದ. ಬಹ್ಗತ್ ಕೂಡ ನಕ್ಕ. ನಾನು ನಗಲಿಲ್ಲ; ಆದರೆ ಹಾಜಿ ಕೊಟ್ಟ ಬಕ್ಷೀಸು ಜೇಬಿಗೆ ಹಾಕಿಕೊಂಡೆ. ನಗದೆ ಇದ್ದದ್ದನ್ನು ದೊಡ್ಡ ಗುಣವೆಂದು ಬಹಳ ದಿನ ಅಂದುಕೊಂಡಿದ್ದೆ.

ಈ ಬಹ್ಗತ್ ಶಲಬಿ ತಾನು ಎಲ್ಲಿ ವಾಸವಿದ್ದ ಎಂದು ಕೇಳಿದರೆ ನಿಮಗೆ ನಗು ಬರುತ್ತದೆ. ಮುಹರ್ರಮ್ ಬೇ ಬಡಾವಣೆಯಲ್ಲಿ, ಹಳೆಯ ಕಾಯ್ದೆಯ ಬಾಡಿಗೆದಾರನಾಗಿ. ಮೊದಲನೇ ಮಹಡಿ, ಎತ್ತರದ ಚಾವಣಿಯ ಮೂರು ಕೋಣೆ, ಬೀದಿಗೆ ಬಾಲ್ಕನಿ. ತಿಂಗಳಿಗೆ ಒಂಬತ್ತು ಪೌಂಡು. ಅದನ್ನೂ ಇಪ್ಪತ್ತನೇ ತಾರೀಖಿಗೆ, ನೋಟೀಸಿನ ಅವಧಿ ತಪ್ಪದಂತೆ ಲೆಕ್ಕ ಹಾಕಿ ಕೊಡುತ್ತಿದ್ದ. ಊರಿಗೆಲ್ಲ ಬಾಡಿಗೆದಾರರು ಜಿಗಣೆಗಳು ಎನ್ನುತ್ತಿದ್ದವನು ತಾನೇ ಅತಿ ದಪ್ಪದ ಜಿಗಣೆ.

ಆ ಮನೆಯೊಡತಿ ಇನ್ಶಿರಾಹ್; ಹಿರಿಯ ಹೆಂಗಸೆಂದು ಎಲ್ಲರೂ ಮರ್ಯಾದೆಗೆ ‘ಸಿತ್’ ಸೇರಿಸಿ ಕರೆಯುತ್ತಿದ್ದರು. ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನ ವಿಧವೆ. ಅವಳ ಅಪ್ಪ ಕಟ್ಟಿಸಿದ ನಾಲ್ಕು ಮಹಡಿಯ ಮನೆ. ಅವಳಿಗೆ ಕೈಗೆ ಬರುವ ಹೊತ್ತಿಗೆ ನಾಲ್ಕರಲ್ಲೂ ಜನ ತುಂಬಿದ್ದರು. ಒಡತಿಗೆ ಉಳಿದದ್ದು ತಾರಸಿಯ ಮೇಲಿನ ಎರಡು ಕೋಣೆ, ಪಕ್ಕದಲ್ಲಿ ಪಾರಿವಾಳದ ಗೂಡು. ಲಿಫ್ಟಿಲ್ಲ. ತೊಂಬತ್ತಾರು ಮೆಟ್ಟಿಲು. ಮಂಡಿಗಳು ಹೋದ ಮೇಲೆ ಅವಳು ಒಂದು ದಿನ ಬಹ್ಗತ್‌ನ ಬಾಗಿಲು ತಟ್ಟಿ, ತಾನು ಕೆಳಗೆ ಬರುತ್ತೇನೆ, ನೀವು ಗಂಡಹೆಂಡಿರು ಮಾತ್ರ ಇರುವುದಲ್ಲವೇ, ಮೇಲೆ ಹೋಗುತ್ತೀರಾ ಎಂದು ಕೇಳಿದಳಂತೆ.

“ಸಿತ್ ಇನ್ಶಿರಾಹ್, ಕಾಯ್ದೇಲಿ ಮಂಡಿಗೆ ಅಂತ ಕಲಂ ಇಲ್ಲ,” ಎಂದು ಹೇಳಿ ಬಾಗಿಲು ಹಾಕಿದನಂತೆ. ಈ ಮಾತು ಅವನಿಗೇ ಎಷ್ಟು ಇಷ್ಟವಾಯಿತೆಂದರೆ ಮಾರನೆಯ ದಿನ ಕಾಫಿ ಅಂಗಡಿಯಲ್ಲಿ ನಾಲ್ಕು ಸಲ ಹೇಳಿದ.

ಅವನ ಹತ್ತಿರ ಹಣ ಇರಲಿಲ್ಲವೇ? ಮಾಲೀಕರು ಕೊಟ್ಟ ಪಾಲು, ಮನೆ ಬಿಟ್ಟು ಹೋಗುವವರ ಕೈಯಿಂದ ಕಿತ್ತ ಪಾಲು, ಹೊಸದಾಗಿ ಬರುವವರು ಮುಂಗಡ ತೆರುವ ಪಗಡಿ ಹಣದಲ್ಲಿ ಪಾಲು, ಎಲ್ಲ ಸೇರಿ ಅಸಾಫ್ರಾದಲ್ಲಿ, ಸಮುದ್ರಕ್ಕೆ ಎರಡು ಬೀದಿ ಹಿಂದೆ, ಐದು ಮಹಡಿಯ ಹತ್ತು ಮನೆಗಳ ಕಟ್ಟಡ ಎಬ್ಬಿಸಿದ. ಎಲ್ಲ ಹೊಸ ಕಾಯ್ದೆಯ ಕರಾರು: ಒಂದು ವರ್ಷ, ಆಮೇಲೆ ಎದ್ದು ಹೋಗು. ಗೋಡೆಗೆ ಮೊಳೆ ಹೊಡೆದರೆ ದಂಡ. ಮೀನು ಹುರಿಯುವಾಗ ಕಿಟಕಿ ತೆರೆಯದಿದ್ದರೆ ದಂಡ. ಮುಹರ್ರಮ್ ಬೇಯಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. “ಆಸ್ತಿ ಇರೋನು ಚಪ್ಪಲಿ ಹರಿದ ಹಾಗೇ ಓಡಾಡ್ಬೇಕು” ಎಂಬುದು ಅವನ ಉಪದೇಶಗಳಲ್ಲಿ ಒಂದು. ನನಗೆ ಮಾತ್ರ ಗೊತ್ತಿತ್ತು. ಆ ಹತ್ತು ಕರಾರುಗಳನ್ನೂ ಟೈಪ್ ಮಾಡಿದವನು ನಾನು.

ಒಂದು ಜನವರಿಯಲ್ಲಿ, ಸಮುದ್ರದ ಗಾಳಿಮಳೆ ಮೂರು ದಿನ ಹೊಡೆದು ನಿಂತ ಮೇಲೆ, ಇನ್ಶಿರಾಹ್ ನನ್ನ ಮೇಜಿಗೆ ಬಂದಳು. ಗಂಡನ ಪಿಂಚಣಿಯ ಅರ್ಜಿ ಬರೆಸಬೇಕಿತ್ತು. ಎಡಗೈ ಬ್ಯಾಂಡೇಜಿನಲ್ಲಿತ್ತು.

“ಏನಾಯ್ತಮ್ಮಾ?”

“ಎರಡನೇ ಮಹಡಿ ತಿರುವಲ್ಲಿ ಜಾರಿದೆ. ಗ್ಯಾಸ್ ಸಿಲಿಂಡರ್ ಹಿಡ್ಕೊಂಡಿದ್ದೆ. ಉಸ್ತಾಜ್ ಬಹ್ಗತ್ ಸದ್ದು ಕೇಳಿ ಬಾಗಿಲು ತೆಗೆದ್ರು. ಸಿಲಿಂಡರ್ ಒಡೆದಿಲ್ಲ ತಾನೇ ಅಂತ ಕೇಳಿ ಮತ್ತೆ ಬಾಗಿಲು ಹಾಕ್ಕೊಂಡ್ರು.”

ದೂರುವ ದನಿಯಲ್ಲಿ ಹೇಳಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು. ನಾನು ಪಿಂಚಣಿಯ ಕಾಗದ ಟೈಪ್ ಮಾಡುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿದೆ. ಫಾನೂಸನ ಲಕೋಟೆ ಕಣ್ಣ ಮುಂದೆ ಬಂತು ಎಂದರೆ ನಾನೇನೋ ದೊಡ್ಡ ಮನುಷ್ಯನಾದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ, ಅಂದು ಬಹ್ಗತ್ ಊರಲ್ಲಿರಲಿಲ್ಲ. ರಸ್ತೆಯಾಚೆಯ ಕುರ್ಚಿ ಖಾಲಿಯಿತ್ತು. ನನ್ನ ಧೈರ್ಯ ಅಷ್ಟೇ ಅಗಲದ್ದು.

“ಸಿತ್ ಇನ್ಶಿರಾಹ್, ಹಳೇ ಕಾಯ್ದೇಲಿ ಒಂದು ಕಲಂ ಇದೆ. ಬಾಡಿಗೆಗೆ ಇರೋನು, ಬಂದ್ಮೇಲೆ, ತಾನೇ ಮೂರಕ್ಕಿಂತ ಜಾಸ್ತಿ ಮನೆ ಇರೋ ಕಟ್ಟಡ ಕಟ್ಟಿದ್ರೆ, ಮಾಲೀಕರಿಗೆ ಅದ್ರಲ್ಲಿ ಒಂದು ಮನೆ ಕೊಡ್ಬೇಕು. ಇಲ್ಲಾ, ಇರೋ ಮನೆ ಬಿಡ್ಬೇಕು.”

“ನಮ್ಮನೇಲಿ ಯಾರಪ್ಪಾ ಕಟ್ಟಡ ಕಟ್ಟೋರು? ಎಲ್ಲ ಭಿಕಾರಿಗಳೇ.”

ನಾನು ರಸ್ತೆಯಾಚೆಯ ಖಾಲಿ ಕುರ್ಚಿಯ ಕಡೆ ಗದ್ದ ತೋರಿಸಿದೆ. ಅವಳು ಆ ಕುರ್ಚಿಯ ಕಡೆ ತಿರುಗಿದಳು.

“ಎಷ್ಟು ಮನೆ?”

“ಹತ್ತು.”

“ಹತ್ತು,” ಎಂದಳು. ಆಮೇಲೆ, “ಒಂಬತ್ತು ಪೌಂಡಿಗೆ ಚಿಲ್ಲರೆ ಇಲ್ಲ ಅಂತ ಹೋದ ತಿಂಗಳು ಎಂಟೂವರೆ ಕೊಟ್ಟ,” ಎಂದಳು.

ಈ ಕಲಮನ್ನು ನನಗೆ ಕಲಿಸಿದವನೂ ಬಹ್ಗತ್‌ನೇ. ಸೀದಿ ಗಾಬರ್‌ನ ಒಬ್ಬ ಮಾಲೀಕನಿಗೆ ಇದರಿಂದಲೇ ಗೆಲ್ಲಿಸಿ, ಇದು ಗೊತ್ತಿರುವುದು ಇಡೀ ಅಲೆಕ್ಸಾಂಡ್ರಿಯಾದಲ್ಲಿ ಮೂರೇ ಜನಕ್ಕೆ ಎಂದು ವಾರಗಟ್ಟಲೆ ಎದೆ ತಟ್ಟಿಕೊಂಡಿದ್ದ. ನಾಲ್ಕನೆಯವನು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದದ್ದು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಬಾಯಿಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕಟ್ಟಡದ ಪರವಾನಗಿಯ ಅಧಿಕೃತ ನಕಲು ಬೇಕು, ಅದರಲ್ಲಿ ಹೆಸರು, ತಾರೀಖು, ಮನೆಗಳ ಸಂಖ್ಯೆ. ವಿದ್ಯುತ್ ಮೀಟರುಗಳು ಯಾರ ಹೆಸರಲ್ಲಿವೆ ಎಂಬುದು ಬೇಕು. ಬಹ್ಗತ್‌ನ ಬಾಡಿಗೆ ಕರಾರಿನ ಮೂಲ ಪ್ರತಿ ಬೇಕು, ಅವನು ಬಾಡಿಗೆಗೆ ಬಂದದ್ದು ಮೊದಲು, ಕಟ್ಟಿದ್ದು ಆಮೇಲೆ ಎಂದು ತೋರಿಸಲು. ಇಷ್ಟನ್ನೂ ಹೇಳಿ ಕಳಿಸಿದೆ. ಅವಳ ಕೈಲಾಗುವ ಕೆಲಸವಲ್ಲ ಎಂದೇ ಅಂದುಕೊಂಡಿದ್ದೆ.

ಪರವಾನಗಿ ಕೊಡುವ ಕಚೇರಿಯ ಗುಮಾಸ್ತ ನಾಳೆ ಬನ್ನಿ ಎಂದ. ಅವಳು ಎದ್ದು ಹೋಗಲಿಲ್ಲ. ಅವನ ಮೇಜಿನೆದುರಿನ ಬೆಂಚಿನಲ್ಲಿ ಕುಳಿತು, ಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು ಸುಲಿದಳು. ನಾಲ್ಕು ದಿನ ಹೀಗೇ ಕುಳಿತಳು. ಮೊಟ್ಟೆಯ ವಾಸನೆಗೋ, ಅವಳ ಮೌನಕ್ಕೋ, ಐದನೇ ದಿನ ಗುಮಾಸ್ತ ಕಡತ ಹುಡುಕಿಕೊಟ್ಟ. ಹೆಸರು: ಬಹ್ಗತ್ ಶಲಬಿ. ಮನೆಗಳು: ಹತ್ತು. ಎಲ್ಲೂ ಹೆಸರು ಹಾಕಬೇಡಿ ಎಂದು ಊರಿಗೆಲ್ಲ ಉಪದೇಶಿಸಿದವನು ತನ್ನ ಕಟ್ಟಡದ ವಿಷಯದಲ್ಲಿ ಹೆಂಡತಿಯನ್ನೂ ನಂಬದೆ ಎಲ್ಲ ಕಡೆ ತನ್ನದೇ ಹೆಸರು ಜಡಿದಿದ್ದ. ಸಾಲದ್ದಕ್ಕೆ ಬಾಗಿಲ ಮೇಲೆ ಅಮೃತಶಿಲೆಯಲ್ಲಿ ‘ಶಲಬಿ ಅರಮನೆ’.

ನೆಸ್ರೀನ್ ಎಂಬ ಎಳೆಯ ವಕೀಲೆ ಕೇಸು ಹಿಡಿದಳು. ಮೊದಲ ನೋಟೀಸು ಹೋಯಿತು, ಬಂತು. ‘ಬಾಗಿಲು ಮುಚ್ಚಿತ್ತು.’ ಹೊಸ ಅಮೀನ ಬಹ್ಗತ್‌ನ ಕೈಕೆಳಗೆ ಪಳಗಿದವನು.

ಎರಡನೇ ನೋಟೀಸಿನ ದಿನ ಇನ್ಶಿರಾಹ್ ಬೀದಿಬಾಗಿಲಲ್ಲೇ ಕಾದಿದ್ದು ಆ ಅಮೀನನ ತೋಳು ಹಿಡಿದುಕೊಂಡಳು. ಅದನ್ನು ಅವಳೇ ನನಗೆ ಹೇಳಿದ್ದು.

“ಏನಪ್ಪಾ, ಮೇಲೆ ಹತ್ತಲ್ವಾ?”

“ಅವರು ಮನೇಲಿಲ್ಲ ಕಣಮ್ಮಾ.”

“ನೀನು ಹತ್ತದೇನೇ ಹೆಂಗೊತ್ತಾಯ್ತು? ಬಾ, ಕೂತ್ಕೊಂಡು ಕಾಯೋಣ. ಊಟ ಮಾಡಿದೀಯಾ?”

ಮೊದಲನೇ ಮಹಡಿಯ ಮೆಟ್ಟಿಲಲ್ಲಿ ಅವನನ್ನು ಕೂರಿಸಿ, ತೊಡೆಯ ಮೇಲೆ ಮೊಲದ ಮಾಂಸ ಹಾಕಿದ ಮುಲೂಖಿಯಾ ಸೊಪ್ಪಿನ ತಟ್ಟೆಯಿಟ್ಟಳು. ಅವನು ತಿಂದು ಮುಗಿಸುವಷ್ಟರಲ್ಲಿ ಬಹ್ಗತ್ ಒಳಗಿಂದಲೇ ಬಾಗಿಲು ತೆರೆದು, “ಏನಿದು ಬೆಳ್ಳುಳ್ಳಿ ವಾಸನೆ?” ಎಂದು ತಲೆ ಹೊರಹಾಕಿದ.

“ನೋಟೀಸು, ಉಸ್ತಾಜ್,” ಎಂದ ಅಮೀನ, ಬಾಯಿ ಒರೆಸಿಕೊಳ್ಳುತ್ತ.

“ಬಾಗಿಲು ಮುಚ್ಚಿತ್ತು ಅಂತ ಬರಿಯೋ, ಕತ್ತೆ!”

“ಹೆಂಗ್ ಬರೀಲಿ ಉಸ್ತಾಜ್? ಈ ಯಮ್ಮನ ಉಪ್ಪು ತಿಂದ್ಬಿಟ್ಟೆ.”

ಮಾರನೆಯ ದಿನ ಬಹ್ಗತ್ ನನ್ನ ಮೇಜಿಗೆ ಬಂದ. ಮುಖ ಬೇಯಿಸಿದ ಬದನೆಕಾಯಿಯ ಬಣ್ಣ.

“ಆ ಮುದುಕಿಗೆ ಈ ಕಲಂ ಹೇಳ್ಕೊಟ್ಟ ನಾಯಿ ಯಾರು, ಶಹಾತಾ?”

“ನಂಗೇನ್ ಗೊತ್ತು ಉಸ್ತಾಜ್. ಈಗೆಲ್ಲ ಹುಡುಗೀರೂ ಲಾ ಓದ್ತಾರೆ,” ಎಂದೆ. ಸುಳ್ಳು ಹೇಳುತ್ತಲೇ ಟೈಪ್‌ರೈಟರಿಗೆ ಹೊಸ ಕಾಗದ ಸಿಕ್ಕಿಸಿದೆ. ಅವನಿಂದ ಕಲಿತದ್ದು ಕಲಂ ಒಂದೇ ಅಲ್ಲ.

ಅವನು ನಂಬಿದ. ತನ್ನ ಅನ್ನ ತಿನ್ನುವವನಿಗೆ ತಲೆಯೂ ಇರಬಹುದು ಎಂದು ಅವನಿಗೆ ಎಂದೂ ಹೊಳೆದದ್ದಿಲ್ಲ. ನಂಬಿದ್ದಷ್ಟೇ ಅಲ್ಲ, ಒಂದು ಕೆಲಸವನ್ನೂ ಒಪ್ಪಿಸಿದ. ಅಸಾಫ್ರಾದ ಕಟ್ಟಡವನ್ನು ಹೆಂಡತಿ ದವ್ಲತ್‌ಗೆ ಮಾರಿದಂತೆ ಒಂದು ಕ್ರಯಪತ್ರ, ಏಳು ವರ್ಷ ಹಿಂದಿನ ತಾರೀಖು ಹಾಕಿ. ಹಣ ಪೂರ್ತಿ ಸಂದಾಯವಾಗಿದೆ ಎಂದೂ ಬರೆಸಿದ, ಪತ್ರ ಗಟ್ಟಿಯಾಗಿ ಕಾಣಲಿ ಎಂದು. ಮಾಲೀಕರಿಗೆಲ್ಲ ಅವನು ಕೊಡುತ್ತಿದ್ದ ಸಲಹೆಯೇ ಅದು: ಇಕ್ಕಟ್ಟಾದರೆ ಹೆಂಡತಿಯ ಹೆಸರಿಗೆ ದಾಟಿಸು.

ದವ್ಲತ್ ಸಹಿ ಹಾಕಲು ಬಂದಳು. ಅದುವರೆಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಇದ್ರಲ್ಲಿ ಏನ್ ಬರ್ದಿದೆ?”

“ನಿನಗ್ಯಾಕೆ? ಸೈನ್ ಹಾಕು,” ಎಂದ ಬಹ್ಗತ್.

“ಓದಿ ಹೇಳಣ್ಣಾ,” ಎಂದು ನನ್ನ ಕಡೆ ತಿರುಗಿದಳು. ಪೂರ್ತಿ ಓದಿದೆ. ಅವಳು ಅಡುಗೆಯ ಸಾಮಾನಿನ ಪಟ್ಟಿ ಕೇಳುವಷ್ಟು ಗಮನವಿಟ್ಟು ಕೇಳಿದಳು.

“ಹಾಗಾದ್ರೆ ಕಟ್ಟಡ ನಂದಾ?”

“ಕಾಗದದ ಮೇಲೆ ಮಾತ್ರ ಕಣೇ.”

“ಕಾಗದದ ಮೇಲಲ್ದೆ ಇನ್ನೆಲ್ಲಿರತ್ತೆ?” ಎಂದಳು ದವ್ಲತ್. ಸಹಿ ಹಾಕಿದಳು. ಒಂದು ಪ್ರತಿಯನ್ನು ನಾಲ್ಕು ಮಡಿಕೆ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಬಹ್ಗತ್ ಅದನ್ನು ನೋಡಿದ. ಆದರೆ ಅವನ ಕಣ್ಣಿಗೆ ಬಿದ್ದದ್ದು ಬರೀ ಹೆಂಗಸು.

ಕೋರ್ಟಿನಲ್ಲಿ ಆ ಕ್ರಯಪತ್ರ ಎರಡು ನಿಮಿಷ ನಿಲ್ಲಲಿಲ್ಲ. ಏಳು ವರ್ಷ ಹಿಂದೆ ಮಾರಿದ್ದರೆ ಆಗ ಯಾವ ಕಚೇರಿಯ ಮೊಹರು ಬಿತ್ತು ಎಂದು ನೆಸ್ರೀನ್ ಕೇಳಿದಳು. ಮೊಹರಿಲ್ಲ. ಹತ್ತು ಮೀಟರುಗಳೂ ಬಹ್ಗತ್‌ನ ಹೆಸರಲ್ಲಿ. ಹೋದ ತಿಂಗಳ ಕರಾರಿನಲ್ಲೂ ‘ಮಾಲೀಕ: ಬಹ್ಗತ್ ಶಲಬಿ’.

ಕಾಯ್ದೆ ಅವನಿಗೆ ಆಗಲೂ ಒಂದು ಬಾಗಿಲು ತೆರೆದಿಟ್ಟಿತ್ತು. ಅಸಾಫ್ರಾದ ಒಂದು ಮನೆಯನ್ನು ಇನ್ಶಿರಾಹ್‌ಗೆ ಕೊಟ್ಟರೆ ತಾನಿದ್ದ ಮನೆ ಉಳಿಯುತ್ತದೆ. ಆದರೆ ಬಾಡಿಗೆ ತಾನು ಕೊಡುವುದರ ಎರಡರಷ್ಟನ್ನು ಮೀರುವಂತಿಲ್ಲ. ಹದಿನೆಂಟು ಪೌಂಡು. ಅವನ ವಕೀಲ ಒಪ್ಪಿಕೊಳ್ಳಿ ಎಂದು ಗೋಗರೆದ.

“ಹದಿನೆಂಟು ಪೌಂಡಿಗೆ ಸಮುದ್ರದ ಗಾಳಿ ಕೊಡ್ಲಾ? ನನಗೇನು ತಲೆ ಕೆಟ್ಟಿದೆಯಾ?” ಎಂದು ಕೋರ್ಟಿನ ಮೆಟ್ಟಿಲ ಮೇಲೆ, ಎಲ್ಲರಿಗೂ ಕೇಳುವಂತೆ ಕಿರುಚಿದ. ಕೇವಲ ಒಂಬತ್ತು ಪೌಂಡಿಗೆ ಇಪ್ಪತ್ತೆಂಟು ವರ್ಷ ಮುಹರ್ರಮ್ ಬೇಯ ಗಾಳಿ ಕುಡಿದವನ ಮಾತು ಇದು.

ಸೋತ. ಮೇಲ್ಮನವಿ ಹಾಕಿದ, ಅದರಲ್ಲೂ ಸೋತ. ಎಲ್ಲ ಸೇರಿ ಮೂರು ವರ್ಷ ನಾಲ್ಕು ತಿಂಗಳು. ಅಷ್ಟೂ ದಿನ ಇನ್ಶಿರಾಹ್ ಆ ತೊಂಬತ್ತಾರು ಮೆಟ್ಟಿಲು ಹತ್ತಿ ಇಳಿದಳು. ನ್ಯಾಯ ಸಿಕ್ಕಿತೆಂದು ಸಂಭ್ರಮಿಸುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಮನೆ ಬಿಡುವ ದಿನ ಅವನು ಬಾಗಿಲುಗಳ ಹಿಡಿ ಬಿಚ್ಚಿಕೊಂಡ. ಬಲ್ಬಿನ ಹೋಲ್ಡರು, ಸ್ವಿಚ್ಚು, ಬಾಲ್ಕನಿಯ ಬಟ್ಟೆ ಒಣಹಾಕುವ ತಂತಿ, ಸ್ನಾನದ ಮನೆಯ ನಲ್ಲಿ, ಎಲ್ಲ. ನಲ್ಲಿ ಕಿತ್ತ ಜಾಗಕ್ಕೆ ಒಂದು ಚಿಂದಿಯನ್ನೂ ತುರುಕದೆ ಹೋದ. ನೀರು ಮೆಟ್ಟಿಲ ಮೇಲೆ ಹರಿದು ಬೀದಿಗೆ ಬಂತು. ಕೆಳಗಿನ ಇಸ್ತ್ರಿ ಅಂಗಡಿಯ ಮುದುಕ ಅದನ್ನು ನೋಡಿ, “ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಇದು ಬಚ್ಚಲನ್ನೂ ಕಿತ್ಕೊಂಡು ಹೋಯ್ತು,” ಎಂದ.

ಅಸಾಫ್ರಾಕ್ಕೆ ಹೋದ ಮೇಲೆ ಅವನಿಗೆ ಇನ್ನೊಂದು ಪಾಠ ಕಾದಿತ್ತು. ದವ್ಲತ್ ಸುಮ್ಮನೆ ಕುಳಿತಿರಲಿಲ್ಲ. ರವಿಕೆಯೊಳಗಿನ ಕಾಗದ ತೆಗೆದು, ಅದರಲ್ಲಿರುವ ಸಹಿ ತನ್ನ ಗಂಡನದೇ ಎಂದು ಘೋಷಿಸಬೇಕೆಂದು ದಾವೆ ಹಾಕಿದಳು. ಬಹ್ಗತ್ ತನ್ನ ಸಹಿ ಅಲ್ಲವೆಂದರೆ ಇನ್ಶಿರಾಹ್‌ಳ ಕೇಸಿನಲ್ಲಿ ಸುಳ್ಳು ದಾಖಲೆ ಹಾಜರುಪಡಿಸಿದ ಎಂದಾಗುತ್ತದೆ. ಹೌದೆಂದರೆ ಕಟ್ಟಡ ಹೋಗುತ್ತದೆ. ಬಹ್ಗತ್ ಹೌದು ಎಂದ. ಅಂದಿನಿಂದ ಹತ್ತು ಮನೆಯ ಬಾಡಿಗೆಯನ್ನು ದವ್ಲತ್ ತಾನೇ ಹೋಗಿ ತಂದಳು. ಮೊಳೆಯ ದಂಡ, ಮೀನಿನ ದಂಡ ತೆಗೆದುಹಾಕಿದಳು. ಗಂಡನನ್ನು ಹೊರಹಾಕಲಿಲ್ಲ. ಊಟ ಹಾಕಿದಳು, ಕಾಫಿ ಅಂಗಡಿಗೆ ದಿನದ ಕಾಸು ಕೊಟ್ಟಳು. ಬಾಡಿಗೆದಾರರ ವಿಷಯದಲ್ಲಿ ಅವನ ಸಲಹೆಯನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಇಷ್ಟಾದ ಮೇಲೆ ಅವನ ಮೇಜು ಖಾಲಿಯಾಯಿತು ಎಂದು ನೀವು ಅಂದುಕೊಂಡರೆ ನಿಮಗೆ ಮನೆಮಾಲೀಕರ ಜಾತಿ ಗೊತ್ತಿಲ್ಲ. ಅವರು ಮೊದಲಿಗಿಂತ ಹೆಚ್ಚಾಗಿ ಬಂದರು. ಹಾಜಿ ಬಸ್ಯೂನಿ ನನಗೆ ಗುಟ್ಟಾಗಿ ಹೇಳಿದ: “ಸೋತೋನಿಗೇ ಕಣಯ್ಯಾ ಎಲ್ಲಾ ಕಿಂಡಿ ಗೊತ್ತಿರೋದು.” ಬಹ್ಗತ್ ಅದೇ ಕೋಟಿನಲ್ಲಿ, ಅದೇ ಕುರ್ಚಿಯಲ್ಲಿ, ಟ್ರಾಮಿನಲ್ಲಿ ಒಂದು ಗಂಟೆ ದೂರದಿಂದ ಬಂದು ಕುಳಿತು, ಬಾಡಿಗೆದಾರರನ್ನು ಜಿಗಣೆಗಳು ಎಂದು ಬಯ್ಯುತ್ತಲೇ ಇದ್ದ. ನಾನು ಬರೆಯುತ್ತಲೇ ಇದ್ದೆ. ಒಂದೇ ವ್ಯತ್ಯಾಸ: ಬಾಡಿಗೆ ಮುಟ್ಟದ ಮಾಲೀಕನ ಬಾಡಿಗೆದಾರ ಯಾರಾದರೂ ಬಂದರೆ, ಈಗ ಖಜಾನೆಯ ಕಿಟಕಿ ತೋರಿಸುತ್ತಿದ್ದೆ. ಬಹ್ಗತ್ ನೋಡುತ್ತಿದ್ದರೆ ಕಣ್ಣಲ್ಲಿ, ಇಲ್ಲದಿದ್ದರೆ ಬೆರಳಲ್ಲಿ.

ಫಾನೂಸನನ್ನು ಹುಡುಕಿಕೊಂಡು ಒಮ್ಮೆ ಅವನ ತಂಗಿಯ ಮನೆಗೂ ಹೋಗಿದ್ದೆ. ಕಣ್ಣು ಮಂದವಾಗಿತ್ತು, ಹೊಲಿಯುವುದನ್ನು ಬಿಟ್ಟಿದ್ದ. ನನ್ನ ಗುರುತು ಹಿಡಿದ. ಅಂದು ನೀವು ಕಾಯಿರಿ ಅಂದಿರಿ, ನಾನು ಇನ್ನೂ ಒಂದು ವಾರ ಕಾದೆ ಎಂದ. ಕೋಪವಿರಲಿಲ್ಲ, ನನಗೆ ವಿಷಯ ಗೊತ್ತಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೇಳಬೇಕೆಂದೇ ಹೋಗಿದ್ದೆ. ಚಹಾ ಕುಡಿದು ಎದ್ದು ಬಂದೆ.

ಇನ್ಶಿರಾಹ್ ಮೊದಲನೇ ಮಹಡಿಗೆ ಇಳಿದಳು. ಹೊಸ ನಲ್ಲಿ ಹಾಕಿಸಿದಳು. ಎರಡು ತಿಂಗಳಿಗೆ ನನ್ನ ಮುಂದೆ ಬಂದು ನಿಂತಳು, ತಾರಸಿಯ ಎರಡು ಕೋಣೆಯನ್ನು ಬಾಡಿಗೆಗೆ ಕೊಡುವ ಕರಾರು ಬರೆಸಲು. ಜೊತೆಗೆ ಆಸ್ಪತ್ರೆಯ ನರ್ಸು ಒಬ್ಬಳು, ಮದುವೆಯಾಗಿ ಆರು ತಿಂಗಳಾದವಳು.

“ಎಷ್ಟು ವರ್ಷಕ್ಕೆ ಬರೀಲಿ, ಸಿತ್ ಇನ್ಶಿರಾಹ್?”

“ಒಂದೇ ವರ್ಷ. ಮೊಳೆ ಹೊಡೆಯೋ ಹಾಗಿಲ್ಲ ಅಂತಾನೂ ಹಾಕು. ಆ ಬಹ್ಗತ್ ಬರೆಸ್ತಿದ್ನಲ್ಲ, ಆ ತರದ್ದೆಲ್ಲ ಹಾಕು.”

“ಅದೆಲ್ಲ ಬೇಕಾ ನಿಮಗೆ?”

“ನನ್ನ ಮೈಯಲ್ಲಿ ಇನ್ನೊಬ್ಬನ್ನ ಎಬ್ಬಿಸೋ ಅಷ್ಟು ವರ್ಷ ಉಳಿದಿಲ್ಲ, ಶಹಾತಾ. ಬರಿ.”

ನರ್ಸಿನ ಮುಖ ನೋಡಿದೆ. ಅವಳು ತಲೆಯಾಡಿಸಿದಳು, ಬೇರೆಲ್ಲೂ ಅಷ್ಟು ಕಡಿಮೆಗೆ ಸಿಗುತ್ತಿರಲಿಲ್ಲ. ಮೂವತ್ತನಾಲ್ಕು ಷರತ್ತು ಬರೆದೆ. ಇನ್ಶಿರಾಹ್ ಪ್ರತಿಯೊಂದನ್ನೂ ಎರಡು ಸಲ ಓದಿಸಿಕೊಂಡಳು.

ಬಹ್ಗತ್ ಸತ್ತದ್ದು ಅದಾಗಿ ಐದು ವರ್ಷಕ್ಕೆ, ರಮದಾನಿನ ಹಿಂದಿನ ವಾರ, ಹೃದಯ ನಿಂತು. ಮಸೀದಿಯ ಪಕ್ಕದ ಸಭಾಂಗಣದಲ್ಲಿ ಸಾಂತ್ವನಕ್ಕೆ ಕುಳಿತಿದ್ದೆವು. ಓದುವವರು ಕುರಾನ್ ಓದುತ್ತಿದ್ದರು, ಸಕ್ಕರೆಯಿಲ್ಲದ ಕಾಫಿ ಹಂಚುತ್ತಿದ್ದರು. ಅವನ ಮಾಲೀಕರು ಬಂದಿದ್ದರು, ಸುಮಾರು ಮೂವತ್ತು ಜನ, ಎಲ್ಲ ಒಂದೇ ಕಡೆ. ಮೊದಲ ವಾಚನ ಮುಗಿಯುವ ಮೊದಲೇ ಹಾಜಿ ಬಸ್ಯೂನಿ ನನ್ನ ಕಿವಿಯ ಬಳಿ ಬಾಗಿದ.

“ಅವನು ನೋಟ್ಸೇನಾದ್ರೂ ಇಟ್ಟಿದ್ನಾ?”

“ಇಲ್ಲ ಹಾಜಿ. ಎಲ್ಲ ಬಾಯಲ್ಲೇ.”

“ಛೆ. ನಿನಗೆ ನೆನಪಿದೆ ತಾನೇ ಎಲ್ಲ? ನಾಳೆ ಆ ಕುರ್ಚೀಲಿ ನೀನೇ ಕೂತ್ಕೋ. ನನ್ನ ಮೇಲಿನ ಮಹಡೀಲಿ ಒಬ್ಬಳು ವಿಧವೆ ಇದಾಳೆ...”

“ಹಾಜಿ, ಓದ್ತಿದಾರೆ,” ಎಂದೆ.

“ಓದ್ಲಿ ಬಿಡು, ನಿಧಾನಕ್ಕೆ ಹೇಳ್ತೀನಿ,” ಎಂದು ಅವನು ತನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ನಾನು ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು, ದವ್ಲತ್‌ಳ ಅಣ್ಣನ ಕೈ ಕುಲುಕಿ, ಹೊರಗೆ ಬಂದು ಟ್ರಾಮಿಗೆ ಕಾದು ನಿಂತೆ.